ಗುಟ್ಟಿನ ಗಿರಾಕಿ ಏನು ಕುಡಿಯಬೇಕು?

ನಮ್ಮ ಗೆಳೆಯರ ಗುಂಪಿನವನೊಬ್ಬ ಈಗ ಹೈದರಾಬಾದಿನಲ್ಲಿದ್ದಾನೆ. ಹಗಲು ಒಂದು ಸಣ್ಣ ಕೆಲಸ, ರಾತ್ರಿ ಪರೀಕ್ಷೆಗೆ ಓದು. ಖರ್ಚಿಗೆ ಸಾಲದು ಅಂತ ತಿಂಗಳಿಗೆ ಎರಡು ಮೂರು ಸಲ ಇನ್ನೊಂದು ಕೆಲಸ ಮಾಡುತ್ತಾನೆ. ಫಾಸ್ಟ್ ಫುಡ್ ಅಂಗಡಿಗೆ ಹೋಗಿ ತಿನ್ನುವುದು, ಕುಡಿಯುವುದು, ಯಾರಿಗೂ ಗೊತ್ತಾಗದಂತೆ ಎಲ್ಲ ನೋಡಿಕೊಂಡು ಬಂದು ಫೋನಿನಲ್ಲಿ ಫಾರಂ ತುಂಬುವುದು. ಇದಕ್ಕೆ ಮಿಸ್ಟರಿ ಶಾಪಿಂಗ್ ಅಂತ ಹೆಸರು. ನಾವು ಗುಟ್ಟಿನ ಗಿರಾಕಿ ಅಂತ ಕರೆಯುತ್ತೇವೆ.

ಕೇಳಿದಾಗ ನಮಗೂ ನಗು ಬಂದಿತ್ತು. ತಿನ್ನಲಿಕ್ಕೂ ದುಡ್ಡು ಕೊಡುತ್ತಾರಾ? ಕೊಡುತ್ತಾರೆ. ಕಥೆಯಲ್ಲಿ ರಾಜ ಮಾರುವೇಷ ಹಾಕಿಕೊಂಡು ಊರು ಸುತ್ತುತ್ತಿದ್ದನಲ್ಲ, ಈಗ ರಾಜನ ಬದಲು ಕಂಪನಿ. ಸ್ವತಃ ಬರುವುದಿಲ್ಲ, ಏಜೆನ್ಸಿಯ ಮೂಲಕ ನಮ್ಮಂಥವರನ್ನು ಕಳಿಸುತ್ತದೆ. ಬಿಲ್ಲಿನ ಹಣ ವಾಪಸು ಬರುತ್ತದೆ, ಮೇಲೆ ಸ್ವಲ್ಪ ಫೀಸು. ಅಮೆರಿಕದಲ್ಲಿ 1940ರ ದಶಕದಿಂದಲೇ ಇಂಥ ಕೆಲಸ ನಡೆದುಬಂದಿದೆ. ಬ್ಯಾಂಕು, ಅಂಗಡಿಗಳ ನೌಕರರು ಪ್ರಾಮಾಣಿಕರೇ ಅಂತ ನೋಡಲಿಕ್ಕೆ ಶುರುವಾದದ್ದು ಇಂದು ಪೆಟ್ರೋಲ್ ಬಂಕಿನಿಂದ ಪಿಜ್ಜಾ ಅಂಗಡಿಯವರೆಗೆ ಬಂದಿದೆ.

ಒಂದು ಸಂಜೆ ಅವನಿಗೆ ಬಂದ ಕೆಲಸದ ಚೀಟಿ ಹೀಗಿತ್ತು: ಒಂದು ಬರ್ಗರ್, ಒಂದು ಫ್ರೈಸ್, ಮಧ್ಯಮ ಅಳತೆಯ ಒಂದು ಥಂಡಾ. ಥಂಡಾ ಮಷಿನ್ನಿನಿಂದ ಹಿಡಿದುಕೊಡುವಂಥದ್ದೇ ಆಗಿರಬೇಕು, ಬಾಟ್ಲಿ ನೀರು ತಗೊಂಡರೆ ಕೆಲಸ ಲೆಕ್ಕಕ್ಕಿಲ್ಲ.

ಸಾಲಿನಲ್ಲಿ ನಿಂತಾಗ ಊರಿಂದ ಅವ್ವನ ಫೋನು ಬಂತು. ನಾಲ್ಕು ಮಾತಾಡಿ ಇಟ್ಟ. ಗಲ್ಲಾದಲ್ಲಿದ್ದ ಹುಡುಗ ಅದನ್ನು ಕೇಳಿಸಿಕೊಂಡಿದ್ದ. ಇವನ ಸರದಿ ಬಂದಾಗ ಹಿಂದಿ ಬಿಟ್ಟು ಕನ್ನಡದಲ್ಲೇ ಕೇಳಿದ, "ಅಣ್ಣಾ, ನೀವು ನಮ್ಮ ಕಡೆಯವ್ರಾ?" ಹುಡುಗ ಬಸವಕಲ್ಯಾಣ ತಾಲೂಕಿನ ಒಂದು ಹಳ್ಳಿಯವನು. ಇವನು ಚೀಟಿಯಲ್ಲಿದ್ದಂತೆ ಥಂಡಾ ಹೇಳಿದ. ಹುಡುಗ ದನಿ ತಗ್ಗಿಸಿ ಅಂದ, "ಥಂಡಾ ಯಾಕ ತಗೋತಿರಿ ಅಣ್ಣಾ, ರೊಕ್ಕ ಸುಮ್ನೆ ಹೋಗ್ತದ. ಕುಡಿಲಾಕ ನೀರು ಅಲ್ಲೇ ಮೂಲ್ಯಾಗ ಅದ, ಫಿಲ್ಟರಿಂದು."

ರೂಮಿಗೆ ಬಂದು ಫಾರಂ ತೆರೆದರೆ ಅಲ್ಲೊಂದು ಪ್ರಶ್ನೆ. ಸಿಬ್ಬಂದಿ ನಿಮಗೆ ದೊಡ್ಡ ಅಳತೆಯ ಪಾನೀಯ ತೆಗೆದುಕೊಳ್ಳಲು ಸೂಚಿಸಿದರೇ? ಹೌದು, ಇಲ್ಲ. ಅದರ ಕೆಳಗೆ ಇನ್ನೊಂದು ಖಾನೆ: ಸಿಬ್ಬಂದಿಯ ಎದೆ ಮೇಲಿನ ಹೆಸರು, ಆರ್ಡರ್ ಕೊಟ್ಟ ಸಮಯ.

ಆ ರಾತ್ರಿ ನಮ್ಮ ವಾಟ್ಸಾಪ್ ಗುಂಪಿನಲ್ಲಿ ಒಂದೂವರೆಯವರೆಗೆ ಜಗಳ. ಸುಳ್ಳು ಬರೆಯಬಾರದು, ಪತ್ರಿಕೋದ್ಯಮ ಓದಿದವರು ನಾವು ಅಂತ ಕೆಲವರು. ಊರ ಹುಡುಗನ ಅನ್ನಕ್ಕೆ ಕಲ್ಲು ಹಾಕಬೇಡ ಅಂತ ಕೆಲವರು. ಕೊನೆಗೆ ಅವನು 'ಇಲ್ಲ' ಅಂತಲೇ ಒತ್ತಿದ. ಕೆಳಗಿನ ಷರಾ ಜಾಗದಲ್ಲಿ, ಸಿಬ್ಬಂದಿ ಬಹಳ ವಿನಯದಿಂದ ಮಾತಾಡಿಸಿದರು, ಕುಡಿಯುವ ನೀರು ಎಲ್ಲಿದೆ ಅಂತ ತಾವಾಗಿಯೇ ತೋರಿಸಿದರು ಅಂತ ಬರೆದ. ಅಂಕ ಹೋಗುವುದು 'ಇಲ್ಲ' ಅನ್ನುವ ಆ ಒಂದು ಒತ್ತಿಗೆ. ಷರಾ ಯಾರು ಓದುತ್ತಾರೋ.

ಅಂದಿನಿಂದ ನಮ್ಮ ತಲೆಯಲ್ಲಿ ಒಂದೇ ವಿಷಯ. ಗುಟ್ಟಿನ ಗಿರಾಕಿ ಏನು ಕುಡಿಯುತ್ತಾನೆ ಅನ್ನುವುದರ ಮೇಲೆ ಅವನಿಗೆ ಏನು ಕಾಣುತ್ತದೆ ಅನ್ನುವುದು ನಿಂತಿದೆ. ಕಂಪನಿ ಥಂಡಾ ಕುಡಿ ಅನ್ನುತ್ತದೆ, ಅದಕ್ಕೆ ಥಂಡಾದ ವ್ಯಾಪಾರ ಕಾಣಬೇಕು. ನಮ್ಮ ಊರಿನ ಮನುಷ್ಯ ಅಂಗಡಿಯಲ್ಲಿ ಹೇಗೆ ನೋಡಿಕೊಳ್ಳಲ್ಪಟ್ಟ ಅನ್ನುವುದು ಕಾಣಬೇಕಾದರೆ ಬೇರೆ ಏನನ್ನಾದರೂ ಕೇಳಬೇಕು. ನೀರು ಕೇಳಬೇಕು ಅಂತ ನಮ್ಮ ವಾದ.

ಕಂಪನಿ ಥಂಡಾವನ್ನೇ ಯಾಕೆ ಹಿಡಿದುಕೊಂಡಿದೆ ಅಂತ ಮೊದಲು ಹೇಳುತ್ತೇವೆ. ಮಷಿನ್ನಿನ ಥಂಡಾ ಬಾಟ್ಲಿಯಲ್ಲಿ ಬರುವುದಿಲ್ಲ. ಗಟ್ಟಿ ಪಾಕ ಒಂದು ಚೀಲದಲ್ಲಿ ಬರುತ್ತದೆ. ಒಂದು ಪಾಲು ಪಾಕಕ್ಕೆ ಸುಮಾರು ಐದು ಪಾಲು ಗ್ಯಾಸ್ ತುಂಬಿದ ನೀರು ಬೆರೆತು ಗ್ಲಾಸಿಗೆ ಬೀಳುತ್ತದೆ. ಮೊದಲೇ ಗ್ಲಾಸಿನಲ್ಲಿ ಐಸ್ ಇರುತ್ತದೆ. ಅಂದರೆ ನೀವು ದುಡ್ಡು ಕೊಡುವುದರಲ್ಲಿ ಬಹುಪಾಲು ನೀರೇ. ಬರ್ಗರಿಗೆ ರೊಟ್ಟಿ, ತರಕಾರಿ, ಎಣ್ಣೆ, ಗ್ಯಾಸು, ಕೈಕೆಲಸ ಎಲ್ಲ ಬೇಕು. ಥಂಡಾಕ್ಕೆ ಒಂದು ಗುಂಡಿ ಒತ್ತಿದರಾಯಿತು. ಲಾಭ ಅಲ್ಲಿದೆ. ಅದಕ್ಕೇ "ದೊಡ್ಡದು ಮಾಡ್ಲಾ ಸರ್?" ಅನ್ನುವ ಒಂದು ಮಾತಿಗೆ ಅಷ್ಟು ಬೆಲೆ.

ಇದನ್ನು ಓದಿ ನಿಮ್ಮಲ್ಲಿ ಯಾರಾದರೂ ಪುಣೆಯಲ್ಲೋ ಹೈದರಾಬಾದಿನಲ್ಲೋ ಈ ಕೆಲಸಕ್ಕೆ ಇಳಿಯುವುದಾದರೆ, ಗೆಳೆಯ ಕಲಿತದ್ದನ್ನು ಹೇಳಿಬಿಡುತ್ತೇವೆ. ಚೀಟಿಯಲ್ಲಿ ಮಧ್ಯಮ ಅಂತ ಇದ್ದರೆ ಅದನ್ನೇ ತಗೊಳ್ಳಿ. ದೊಡ್ಡದಕ್ಕೆ ಹೂಂ ಅಂದರೆ ವಾಪಸು ಕೊಡುವ ಮಿತಿ ದಾಟಿ ಉಳಿದದ್ದು ನಿಮ್ಮ ಜೇಬಿನಿಂದ ಹೋಗುತ್ತದೆ. ಐಸ್ ಕಡಿಮೆ ಹಾಕಿ ಅನ್ನಬೇಡಿ, ಅವರಾಗಿಯೇ ಎಷ್ಟು ಹಾಕುತ್ತಾರೆ ಅಂತ ನೋಡುವುದೇ ಕೆಲಸ. ಮೊದಲ ಎರಡು ಗುಟುಕಿನಲ್ಲೇ ತಂಪು, ಗ್ಯಾಸು, ಸಿಹಿ ಗೊತ್ತಾಗುತ್ತದೆ. ಪೂರ್ತಿ ಕುಡಿಯಲೇಬೇಕು ಅಂತ ಗೆಳೆಯನ ಚೀಟಿಯಲ್ಲಿ ಎಂದೂ ಇರಲಿಲ್ಲ. ಸ್ಟ್ರಾ ಯಾವುದು ಅಂತಲೂ ನೋಡಿ, 2022ರ ಜುಲೈ 1ರಿಂದ ದೇಶದಲ್ಲಿ ಪ್ಲಾಸ್ಟಿಕ್ ಸ್ಟ್ರಾ ನಿಷೇಧವಾಗಿದೆ. ಸಕ್ಕರೆ ಕಾಯಿಲೆ ಇದ್ದವರು ಮೊದಲೇ ಹೇಳಿ ಸಕ್ಕರೆ ಇಲ್ಲದ್ದನ್ನು ತಗೊಳ್ಳಲು ಒಪ್ಪಿಗೆ ಕೇಳಿ, ಕೊಡದಿದ್ದರೆ ಕೆಲಸ ಬಿಡಿ. ಕೋಲಾದಂಥ ಥಂಡಾದ 250 ಮಿಲಿಲೀಟರಿನಲ್ಲಿ ಸುಮಾರು 26 ಗ್ರಾಂ ಸಕ್ಕರೆ ಇರುತ್ತದೆ. ದೊಡ್ಡವರಿಗೆ ದಿನಕ್ಕೆ ಸುಮಾರು 25 ಗ್ರಾಮಿನ ಒಳಗೇ ಇದ್ದರೆ ಒಳ್ಳೆಯದು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ. ಒಂದು ಗ್ಲಾಸಿಗೇ ದಿನದ ಪಾಲು ಮುಗಿಯಿತು.

ಇನ್ನೊಂದು ಮಾತು, ಇದು ಗಟ್ಟಿಯಾಗಿ. ಮಿಸ್ಟರಿ ಶಾಪರ್ ಕೆಲಸ ಕೊಡುತ್ತೇವೆ, ಮೊದಲು ಇಷ್ಟು ಡಿಪಾಸಿಟ್ ಕಟ್ಟಿ ಅಂತ ಟೆಲಿಗ್ರಾಮಿನಲ್ಲೋ ವಾಟ್ಸಾಪಿನಲ್ಲೋ ಬಂದರೆ ಅದು ಮೋಸ. ಸರಿಯಾದ ಏಜೆನ್ಸಿ ನಿಮ್ಮಿಂದ ದುಡ್ಡು ಕೇಳುವುದಿಲ್ಲ. ಕಟ್ಟಿಬಿಟ್ಟಿದ್ದರೆ ತಡಮಾಡದೆ 1930ಕ್ಕೆ ಫೋನು ಮಾಡಿ.

ಈಗ ನಮ್ಮ ಕಡೆಗೆ ಬರೋಣ.

ಹೈದರಾಬಾದಿನಿಂದ ಜಹೀರಾಬಾದ್ ದಾಟಿ ಬರುವ 65ನೇ ರಾಷ್ಟ್ರೀಯ ಹೆದ್ದಾರಿ ಹುಮನಾಬಾದ್ ಹಾದು, ಬಸವಕಲ್ಯಾಣ ಬಂಗ್ಲಾದ ಮುಂದಿನಿಂದ ಉಮರ್ಗಾ, ಸೊಲ್ಲಾಪುರದ ಕಡೆ ಹೋಗುತ್ತದೆ. ಈ ರಸ್ತೆಯ ಮೇಲೆ ಲಾರಿ ನಿಲ್ಲುವ ಧಾಬಾ, ಕಾರು ನಿಲ್ಲುವ ಎಸಿ ಹೋಟೆಲ್ಲು, ಬಸ್ ಸ್ಟ್ಯಾಂಡಿನ ಹತ್ತಿರ ಗೋಬಿ, ನೂಡಲ್ಸ್, ಎಗ್ ರೈಸಿನ ಬಂಡಿಗಳು, ಎಲ್ಲ ಇವೆ. ನಮ್ಮೂರಲ್ಲಿ ಫಾಸ್ಟ್ ಫುಡ್ ಅಂದರೆ ಆ ಬಂಡಿಯೇ. ಅದರ ಹಣೆ ಮೇಲೆ ಹಾಗೇ ಬರೆದಿರುತ್ತದೆ. ಇಲ್ಲಿಗೆ ಯಾವ ಕಂಪನಿಯೂ ಗುಟ್ಟಿನ ಗಿರಾಕಿಯನ್ನು ಕಳಿಸುವುದಿಲ್ಲ. ನಾವೇ ಹೋದರಾಯಿತು ಅಂತ ಹೊರಟೆವು. ಏಪ್ರಿಲ್ ಬಿಸಿಲು, ಬೀದರ್ ಕಡೆಯ ಬಿಸಿಲು ನಿಮಗೆ ಹೇಳಬೇಕಾಗಿಲ್ಲ. ಇಬ್ಬಿಬ್ಬರು, ಬೇರೆ ಬೇರೆ ಹೊತ್ತಿಗೆ, ಸಾಮಾನ್ಯ ಬಟ್ಟೆಯಲ್ಲಿ. ಯಾವ ಅಂಗಡಿಯ ಹೆಸರನ್ನೂ ಇಲ್ಲಿ ಬರೆಯುವುದಿಲ್ಲ. ಯಾಕೆ ಅಂತ ಮುಂದೆ ಗೊತ್ತಾಗುತ್ತದೆ.

ನಿಯಮ ಒಂದೇ ಇಟ್ಟುಕೊಂಡೆವು. ಕೂತ ಕೂಡಲೇ ಮೊದಲ ಮಾತು: "ಕುಡಿಲಾಕ ನೀರ ಕೊಡ್ರಿ."

ಹೆದ್ದಾರಿಯ ಒಂದು ಹೋಟೆಲ್ಲಿನಲ್ಲಿ ಹೀಗಂದ ತಕ್ಷಣ ಹುಡುಗ ಬಾಟ್ಲಿ ತಂದು, ನಮ್ಮನ್ನು ಕೇಳದೆ ಮುಚ್ಚಳ ತಿರುಗಿಸಿ ಇಟ್ಟ. ತಿರುಗಿಸಿದ ಮೇಲೆ ವಾಪಸು ಕೊಡಲಾಗುವುದಿಲ್ಲ. "ಸಾದಾ ನೀರಿಲ್ಲೇನಪಾ?" ಅಂದರೆ "ಸಾದಾ ನೀರು ಚೊಲೋ ಇಲ್ಲರೀ ಕಾಕಾ" ಅಂದ. ನಮ್ಮವನ ವಯಸ್ಸು ಇಪ್ಪತ್ತಾರು, ಕಾಕಾ ಅನ್ನಿಸಿಕೊಂಡದ್ದಕ್ಕೆ ಅವನಿಗೆ ಇನ್ನೂ ಸಿಟ್ಟಿದೆ. ಇರಲಿ. ಸಾದಾ ನೀರು ಚೊಲೋ ಇಲ್ಲ ಅಂದರೆ ಆ ಹೋಟೆಲ್ಲಿನಲ್ಲಿ ಬೇಳೆ ಯಾವ ನೀರಿನಲ್ಲಿ ಬೆಂದಿದೆ? ಹಿಟ್ಟು ಯಾವ ನೀರಿನಲ್ಲಿ ಕಲಸಿದ್ದಾರೆ? ಅಡುಗೆಗೆ ಕುಡಿಯಲು ಯೋಗ್ಯವಾದ ನೀರನ್ನೇ ಬಳಸಬೇಕು, ತಿನ್ನುವುದಕ್ಕೆ ತಾಗುವ ಐಸನ್ನೂ ಅಂಥ ನೀರಿನಲ್ಲೇ ಮಾಡಬೇಕು ಅಂತ ಆಹಾರ ಸುರಕ್ಷತೆಯ 2011ರ ಲೈಸೆನ್ಸ್ ನಿಯಮಗಳಲ್ಲಿದೆ. ಹುಡುಗ ಬಾಟ್ಲಿ ಮಾರಲಿಕ್ಕೆ ಆಡಿದ ಒಂದು ಮಾತು ಇಡೀ ಅಡುಗೆಮನೆಯ ಮೇಲೆ ಸಂಶಯ ಹುಟ್ಟಿಸಿತು. ಥಂಡಾ ಹೇಳಿದ್ದರೆ ಇದು ನಮಗೆ ಎಂದೂ ಗೊತ್ತಾಗುತ್ತಿರಲಿಲ್ಲ.

ಆ ಬಾಟ್ಲಿಗೆ ಮೇಲೆ ಬರೆದ ಬೆಲೆಗಿಂತ ಹೆಚ್ಚು ಹಾಕಿದ್ದರು. ಇಲ್ಲಿ ಓದುಗರು ಒಂದು ಭೇದ ತಿಳಿದುಕೊಳ್ಳಬೇಕು, ಯಾಕಂದರೆ ಎಂಆರ್‌ಪಿ ಅಂತ ಕೂಗಾಡಿ ಅವಮಾನ ಆದವರನ್ನು ನಾವು ನೋಡಿದ್ದೇವೆ. 2017ರ ಡಿಸೆಂಬರ್ 12ರಂದು ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪಿನ ಪ್ರಕಾರ, ಕುರ್ಚಿ ಮೇಜು ಹಾಕಿ ಸೇವೆ ಕೊಡುವ ಹೋಟೆಲ್ಲು ಬಾಟ್ಲಿ ನೀರಿಗೆ ಎಂಆರ್‌ಪಿಗಿಂತ ಹೆಚ್ಚು ತಗೊಂಡರೆ ಕಾನೂನು ಮಾಪನಶಾಸ್ತ್ರ ಕಾಯ್ದೆಯಡಿ ಅದು ತಪ್ಪಾಗುವುದಿಲ್ಲ. ಅಲ್ಲಿ ಮಾರುವುದು ಬರೀ ಬಾಟ್ಲಿ ಅಲ್ಲ, ಸೇವೆಯೂ ಸೇರಿದೆ ಅಂತ ಕೋರ್ಟ್ ಹೇಳಿತು. ಸರಿಯೋ ತಪ್ಪೋ, ಅದು ಕಾನೂನು. ಆದರೆ ಫ್ರಿಜ್ಜಿನಿಂದ ತೆಗೆದು ಕೈಗೆ ಕೊಡುವ ಪಾನ್ ಶಾಪಿಗೆ, ಕಿರಾಣಿಗೆ, ಜ್ಯೂಸಿನ ಅಂಗಡಿಗೆ ಈ ರಿಯಾಯಿತಿ ಇಲ್ಲ. ಪ್ಯಾಕ್ ಮಾಡಿದ ಮಾಲಿನ ಬಗ್ಗೆ 2011ರಲ್ಲಿ ಬಂದ ನಿಯಮಗಳ 18(2) ಪ್ರಕಾರ ಬರೆದ ಬೆಲೆಗಿಂತ ಒಂದು ರೂಪಾಯಿಯೂ ಹೆಚ್ಚು ತಗೊಳ್ಳುವ ಹಾಗಿಲ್ಲ. ಬಸ್ ಸ್ಟ್ಯಾಂಡಿನಲ್ಲಿ ಕೇಳುವ "ಕೂಲಿಂಗ್ ಚಾರ್ಜ್" ಅನ್ನುವುದು ಯಾವ ಪುಸ್ತಕದಲ್ಲೂ ಇಲ್ಲ. ಬಿಲ್ ಅಥವಾ ಫೋನ್ ಪೇ ಮಾಡಿದ ಗುರುತು ಇಟ್ಟುಕೊಂಡು 1915ಕ್ಕೆ ಹೇಳಬಹುದು, ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ.

2025ರ ಸೆಪ್ಟೆಂಬರ್ 22ರಿಂದ ಬಾಟ್ಲಿ ನೀರಿನ ಜಿಎಸ್‌ಟಿ ಶೇ 18ರಿಂದ 5ಕ್ಕೆ ಇಳಿಯಿತು. ರೈಲ್ವೆಯವರು ಅದೇ ದಿನದಿಂದ ಒಂದು ಲೀಟರ್ ರೈಲ್ ನೀರ್ ಬೆಲೆಯನ್ನು 15ರಿಂದ 14 ರೂಪಾಯಿ ಮಾಡಿದರು. ನಮ್ಮ ಹೆದ್ದಾರಿಯ ಬಾಟ್ಲಿ ಮಾತ್ರ ನಾವು ಹೋದ ಕಡೆಯೆಲ್ಲ 20 ರೂಪಾಯಿಯಲ್ಲೇ ಕೂತಿತ್ತು.

ಎಲ್ಲ ಕಡೆ ಹೀಗೇ ಅಂದುಕೊಳ್ಳಬೇಡಿ. ಹುಮನಾಬಾದಿನ ಒಂದು ಸಣ್ಣ ಖಾನಾವಳಿಯಲ್ಲಿ ನಾವು ಬಾಯಿ ತೆರೆಯುವ ಮೊದಲೇ ಸ್ಟೀಲಿನ ಜಗ್ಗು ಬಂತು. ನೀರು ಮಣ್ಣಿನ ಗಡಿಗೆಯದು, ಕೊರಳಿಗೆ ಒದ್ದೆ ಬಟ್ಟೆ ಸುತ್ತಿದ್ದರು. "ಬಿಸಲಾಗ ಬಂದೀರಿ, ಮೊದಲ ನೀರ ಕುಡೀರಿ, ಆಮ್ಯಾಲ ಹೇಳ್ರಿ ಏನು ಬೇಕಂತ" ಅಂದರು ಗಲ್ಲಾದಲ್ಲಿದ್ದ ಅಕ್ಕ. ನಮ್ಮ ಕಡೆ ನೀರು ಅಂದರೆ ಇದೇ ಅಲ್ಲವೇ? ಮನೆಗೆ ಬಂದವರಿಗೆ ಮೊದಲು ತಂಬಿಗೆ ನೀರು, ಆಮೇಲೆ ಮಾತು. ಬೇಸಿಗೆಯಲ್ಲಿ ಅರವಟ್ಟಿಗೆ ಇಡುವ ಪದ್ಧತಿ ಇಂದು ನಿನ್ನೆಯದಲ್ಲ, ಅರವಂಟಿಗೆಗೆ ದಾನ ಕೊಟ್ಟದ್ದು ಕನ್ನಡದ ಹಳೆಯ ಶಾಸನಗಳಲ್ಲೇ ಇದೆ. ಹುಮನಾಬಾದಿನ ವೀರಭದ್ರೇಶ್ವರ ಜಾತ್ರೆಗೆ ಹೋದವರು, ಮಾಣಿಕನಗರಕ್ಕೆ ಹೋದವರು ನೀರಿಗೆ ದುಡ್ಡು ಕೊಟ್ಟ ನೆನಪು ನಮ್ಮ ಅಜ್ಜಂದಿರಿಗೆ ಇಲ್ಲ.

ಬಂಡಿಗಳ ಕಥೆ ಬೇರೆ. 2024ರ ಮಾರ್ಚಿನಲ್ಲಿ ಗೋಬಿ ಮಂಚೂರಿಗೆ ರೋಡಮೈನ್-ಬಿ ಬಣ್ಣ ಹಾಕಬಾರದು ಅಂತ ರಾಜ್ಯ ಸರ್ಕಾರ ನಿಷೇಧ ಮಾಡಿದಾಗ ಊರೂರಲ್ಲಿ ಅದರದೇ ಮಾತು. ಪ್ಲೇಟಿನ ಬಣ್ಣ ಎಲ್ಲರಿಗೂ ಕಂಡಿತು. ಅದೇ ಬಂಡಿಯ ಪಕ್ಕದ ಡ್ರಮ್ಮಿನ ನೀರನ್ನು ಯಾರೂ ನೋಡಲಿಲ್ಲ. ಶರಬತ್ತಿನಲ್ಲಿ ತೇಲುವ ಐಸ್ ಎಲ್ಲಿಯದು ಅಂತ ನಾವು ಕೇಳಿದ ಕಡೆ "ಫ್ಯಾಕ್ಟರಿದು" ಅನ್ನುವಷ್ಟೇ ಉತ್ತರ. ಬಾರು ಮುರಿದಂತೆ ಮುರಿದು, ಗೋಣಿಚೀಲದಲ್ಲಿ ಸುತ್ತಿ ಇಟ್ಟಿರುವ ಆ ಐಸು ಮೀನಿಗೋ ಮನುಷ್ಯರಿಗೋ ಅಂತ ನೋಡಿದರೆ ತಿಳಿಯುವುದಿಲ್ಲ. ಪಕ್ಕದ ಮಹಾರಾಷ್ಟ್ರದಲ್ಲಿ 2018ರಲ್ಲೇ ತಿನ್ನಲು ಬಾರದ ಐಸಿಗೆ ನೀಲಿ ಬಣ್ಣ ಹಾಕಬೇಕು ಅಂತ ಆದೇಶ ಮಾಡಿದ್ದರು. ಬಸವಕಲ್ಯಾಣದಿಂದ ಗಡಿ ಎಷ್ಟು ದೂರ? ಒಂದು ಚಹಾ ಕುಡಿದು ಹೊರಟರೆ ಬಾಯಿ ಆರುವುದರೊಳಗೆ ಆ ಕಡೆ ಇರುತ್ತೀರಿ. ಬಂಡಿಯಲ್ಲಿ ನಮ್ಮ ಆಯ್ಕೆ ಹೀಗೆ: ಐಸ್ ಹಾಕಿದ್ದು ಬೇಡ, ಕಣ್ಣ ಮುಂದೆ ಹಿಂಡಿದ ಕಬ್ಬಿನ ಹಾಲನ್ನೂ ಐಸ್ ಇಲ್ಲದೆ ಕೇಳಿ. ಬಾಟ್ಲಿ ತಗೊಂಡರೆ ಹೆಸರು ಅಕ್ಷರಕ್ಕೆ ಅಕ್ಷರ ಓದಿ, ಹೆಸರಾದ ಕಂಪನಿಯ ಹೆಸರಿನಲ್ಲಿ ಒಂದಕ್ಷರ ಆಚೀಚೆ ಮಾಡಿದ ಬಾಟ್ಲಿಗಳು ಬರುತ್ತವೆ. ಎಫ್‌ಎಸ್‌ಎಸ್‌ಎಐ ಗುರುತಿನ ಕೆಳಗೆ 14 ಅಂಕಿಯ ನಂಬರ್ ಇದೆಯೇ ನೋಡಿ.

ಇಲ್ಲೇ ನಮ್ಮಿಂದ ಒಂದು ತಪ್ಪಾಯಿತು. ಬಸವಕಲ್ಯಾಣದಲ್ಲಿ ಒಬ್ಬ ಬಾಯಿ ಭಜಿ, ಮಿರ್ಚಿಯ ಬಂಡಿ ಇಟ್ಟಿದ್ದಾಳೆ. ನೀರು ಕೇಳಿದರೆ ಅರ್ಧ ಗಿಲಾಸು ಕೊಟ್ಟಳು. ಇನ್ನೊಂದು ಕೇಳಿದೆವು, "ಇಲ್ಲ" ಅಂತ ಮುಖ ತಿರುಗಿಸಿದಳು. ನಮ್ಮ ನೋಟಿನಲ್ಲಿ 'ನೀರು ನಿರಾಕರಣೆ' ಅಂತ ಬರೆದುಕೊಂಡು ಬಂದೆವು. ಎರಡು ದಿನ ಬಿಟ್ಟು ಅದೇ ಓಣಿಯ ಗೆಳೆಯನಿಗೆ ಹೇಳಿದರೆ ಅವನು ಬೈದ. ಅಲ್ಲಿ ಆ ವಾರ ನಳದ ನೀರೇ ಬಂದಿರಲಿಲ್ಲವಂತೆ. ಆಕೆ 20 ಲೀಟರಿನ ಕ್ಯಾನು ದುಡ್ಡು ಕೊಟ್ಟು ತಂದು, ಅದರಲ್ಲೇ ಹಿಟ್ಟು ಕಲಸಿ, ಗಿರಾಕಿಗೂ ಕೊಟ್ಟು, ಸಂಜೆಯವರೆಗೆ ತಳ್ಳಬೇಕು. ನಾವು ತಿಂದದ್ದು 20 ರೂಪಾಯಿಯ ಭಜಿ, ಕೇಳಿದ್ದು ಎರಡು ಗಿಲಾಸು ನೀರು. ಅರ್ಧ ಗಿಲಾಸು ಕೊಟ್ಟದ್ದೇ ಆಕೆಯ ದೊಡ್ಡತನ. ಹೈದರಾಬಾದಿನ ಫಾರಂ ಊರ ಹುಡುಗನಿಗೆ ಅನ್ಯಾಯ ಮಾಡಿತು ಅಂತ ರಾತ್ರಿಯೆಲ್ಲ ಜಗಳಾಡಿದವರು ನಾವು, ನಾವೇ ಮಾಡಿದ ಫಾರಮ್ಮಿನಲ್ಲೂ ಅದನ್ನೇ ಮಾಡಿದೆವು. ಹೆಸರು ಬರೆಯುವುದಿಲ್ಲ ಅಂತ ತೀರ್ಮಾನ ಮಾಡಿದ್ದು ಅವತ್ತು. ಗುಟ್ಟಾಗಿ ನೋಡಬಹುದು, ಆದರೆ ಬರೆಯುವ ಮೊದಲು ಎದುರಿಗೆ ನಿಂತು "ಯಾಕ?" ಅಂತ ಒಂದು ಸಲ ಕೇಳಬೇಕು. ಕಂಪನಿಯ ಫಾರಮ್ಮಿನಲ್ಲಿ ಆ ಖಾನೆ ಇಲ್ಲ.

ಆದರೆ ದೊಡ್ಡ ಹೋಟೆಲ್ಲಿಗೆ ಈ ಮಾತು ಒಪ್ಪುವುದಿಲ್ಲ. ಬೋರು ಇದೆ, ಫಿಲ್ಟರ್ ಇದೆ, ಜನರೇಟರ್ ಇದೆ, ಒಂದು ಜಗ್ಗು ನೀರಿಗೆ ಅಲ್ಲಿ ಯಾರೂ ಮುಳುಗುವುದಿಲ್ಲ.

ಇನ್ನು ಚಹಾ. ಇದನ್ನು ಬರೆಯಬೇಕೋ ಬೇಡವೋ ಅಂತ ನಮ್ಮೊಳಗೆ ಮಾತಾಯಿತು. ಬರೆಯೋಣ ಅಂತ ಹೇಳಿದವನು, ಅದು ಯಾರಿಗೆ ಆಯಿತೋ ಅವನೇ.

ಹೆದ್ದಾರಿ ಬಿಟ್ಟು ಒಳಗಿನ ಒಂದು ಊರಿನ ಕ್ರಾಸಿನಲ್ಲಿ ಚಹಾದ ಅಂಗಡಿ. ಗೋಬಿ, ಆಮ್ಲೆಟ್ಟೂ ಸಿಗುತ್ತದೆ. ನಮ್ಮಲ್ಲಿ ಇಬ್ಬರು ಹತ್ತು ನಿಮಿಷದ ಅಂತರದಲ್ಲಿ ಹೋದರು. ಮೊದಲು ಹೋದವನಿಗೆ ಗಾಜಿನ ಗಿಲಾಸಿನಲ್ಲಿ ಚಹಾ, ಪಕ್ಕದಲ್ಲಿ ಸ್ಟೀಲಿನ ಲೋಟದಲ್ಲಿ ನೀರು. ಎರಡನೆಯವನು ಆ ಸುತ್ತಿನವನೇ, ಅಂಗಡಿಯವನಿಗೆ ಅವನ ಅಪ್ಪ ಗೊತ್ತು, ಕೇರಿ ಗೊತ್ತು. ಅವನಿಗೆ ಕಾಗದದ ಕಪ್ಪಿನಲ್ಲಿ ಚಹಾ. ನೀರು ಕೇಳಿದ. "ಅಲ್ಲಿ ಡ್ರಮ್ಮಿನಾಗ ಅದ, ತಗೋ" ಅಂದ ಅಂಗಡಿಯವನು. ಡ್ರಮ್ಮಿನ ಮೇಲೆ ಪ್ಲಾಸ್ಟಿಕ್ ಮಗ್ಗು. ಮೊದಲನೆಯವನು ಆಗಲೂ ಅಲ್ಲೇ ಬೆಂಚಿನ ಮೇಲೆ ಕೂತು ಗಾಜಿನ ಗಿಲಾಸು ಹಿಡಿದುಕೊಂಡಿದ್ದ. ಇಬ್ಬರೂ ಪರಿಚಯ ಇಲ್ಲದವರಂತೆ ಇರಬೇಕಿತ್ತು, ಅದು ನಮ್ಮ ನಿಯಮ. ಅವನು ಗಿಲಾಸು ಕೆಳಗಿಟ್ಟು ಎದ್ದುಬಂದ.

ಹಿಂದೆ ಎರಡು ಲೋಟದ ಪದ್ಧತಿ ಕಣ್ಣಿಗೆ ಕಾಣುತ್ತಿತ್ತು. ಒಂದು ಲೋಟ ಒಳಗೆ, ಇನ್ನೊಂದು ಹೊರಗೆ ಗೂಟಕ್ಕೆ. ಕಾಗದದ ಕಪ್ಪು ಬಂದ ಮೇಲೆ ಅದು ಅಡಗಿಕೊಂಡಿದೆ. "ಎಲ್ಲಾರಿಗೂ ಕಪ್ಪೇ ಕೊಡ್ತೀವ್ರಿ, ಸ್ವಚ್ಛ ಇರ್ತದ" ಅಂದುಬಿಟ್ಟರೆ ಮಾತು ಮುಗಿಯಿತು. ಕಪ್ಪಿನ ಸ್ವಚ್ಛತೆಯೂ ಅಷ್ಟಕ್ಕಷ್ಟೇ. ಅದರ ಒಳಗೆ ಪ್ಲಾಸ್ಟಿಕ್ಕಿನ ತೆಳು ಪದರ ಇರುತ್ತದೆ, 100 ಮಿಲಿಲೀಟರ್ ಬಿಸಿ ನೀರು ಅದರಲ್ಲಿ 15 ನಿಮಿಷ ಇದ್ದರೆ ಸುಮಾರು 25,000 ಪ್ಲಾಸ್ಟಿಕ್ ಕಣ ಬೆರೆಯುತ್ತವೆ ಅಂತ 2020ರಲ್ಲಿ ಖರಗಪುರ ಐಐಟಿಯವರು ಕಂಡುಕೊಂಡರು. ಅದು ಹಾಗಿರಲಿ. ಎಲ್ಲರಿಗೂ ಕಪ್ಪು ಕೊಟ್ಟರೆ ಒಂದು ಮಾತು. ಒಬ್ಬನಿಗೆ ಗಾಜು, ಒಬ್ಬನಿಗೆ ಕಾಗದ ಅಂದರೆ ಕೇಳಬೇಕಾಗುತ್ತದೆ. ಒಬ್ಬನೇ ಹೋದರೆ ಇದು ಎಂದೂ ತಿಳಿಯುವುದಿಲ್ಲ, ಇಬ್ಬರು ಹೋಗಬೇಕು, ಇಬ್ಬರೂ ಚಹಾ ಮತ್ತು ನೀರನ್ನೇ ಕೇಳಬೇಕು. ಮುಚ್ಚಿದ ಬಾಟ್ಲಿಯ ಥಂಡಾ ಎಲ್ಲರಿಗೂ ಒಂದೇ ತರಹ ಬರುತ್ತದೆ, ಅದು ಏನನ್ನೂ ಹೇಳುವುದಿಲ್ಲ. ನಮ್ಮ ಹುಡುಗರು ಕೆಲವರು ಇಂಥ ಕಡೆ ಹೋದಾಗ ಚಹಾ ಬಿಟ್ಟು ಯಾವಾಗಲೂ ಥಂಡಾ ಬಾಟ್ಲಿಯನ್ನೇ ತಗೊಳ್ಳುವುದು ಯಾಕೆ ಅಂತ ನಮಗೆ ಅವತ್ತು ಗೊತ್ತಾಯಿತು. ಹತ್ತು ರೂಪಾಯಿಯ ಚಹಾ ಸಾಕಾಗುವವನು 20 ರೂಪಾಯಿ ಕೊಟ್ಟು ಸಕ್ಕರೆ ನೀರು ಕುಡಿಯುತ್ತಾನೆ, ಕೈಗೆ ಯಾವ ಪಾತ್ರೆ ಬರುತ್ತದೋ ಅನ್ನುವ ಅಳುಕು ಬೇಡ ಅಂತ.

ಸಂವಿಧಾನದ 15(2)ನೇ ವಿಧಿಯಲ್ಲಿ ಅಂಗಡಿ, ಹೋಟೆಲ್ಲುಗಳ ಮಾತು ನೇರವಾಗಿಯೇ ಇದೆ. 1955ರ ನಾಗರಿಕ ಹಕ್ಕುಗಳ ರಕ್ಷಣೆ ಕಾಯ್ದೆಯ 4ನೇ ಕಲಮಿನಲ್ಲಿ ಹೋಟೆಲ್ಲಿನಲ್ಲಿ ಸಾರ್ವಜನಿಕರಿಗೆ ಇಟ್ಟಿರುವ ಪಾತ್ರೆಯನ್ನು ಬಳಸಲು ಅಸ್ಪೃಶ್ಯತೆಯ ಕಾರಣಕ್ಕೆ ತಡೆಯುವುದು ಶಿಕ್ಷೆಯ ಅಪರಾಧ ಅಂತ ಬರೆದಿದೆ. ಪಾತ್ರೆ ಅಂತಲೇ ಇದೆ. ಕಾನೂನು ಮಾಡಿದವರಿಗೆ ಲೋಟದ ವಿಷಯ ಚೆನ್ನಾಗಿ ಗೊತ್ತಿತ್ತು.

ಇದೆಲ್ಲ ನಡೆದ ಜಾಗದಿಂದ ಬಸವಕಲ್ಯಾಣ ದೂರವಿಲ್ಲ. ಹನ್ನೆರಡನೇ ಶತಮಾನದಲ್ಲಿ ಹರಳಯ್ಯನ ಮಗನಿಗೆ ಮಧುವರಸನ ಮಗಳನ್ನು ಕೊಟ್ಟ ಮದುವೆಗಾಗಿ ರಕ್ತ ಹರಿದ ಊರು ಇದು. ಹೊಸ ಅನುಭವ ಮಂಟಪಕ್ಕೆ 2021ರ ಜನವರಿ 6ರಂದು ಅಡಿಗಲ್ಲು ಇಟ್ಟದ್ದು ಇಲ್ಲೇ. ಅದನ್ನು ನೋಡಲು ಬರುವವರು ಚಹಾ ಎಲ್ಲಿ ಕುಡಿಯುತ್ತಾರೆ? ನಮ್ಮ ಇದೇ ಕ್ರಾಸುಗಳಲ್ಲಿ.

ಆ ಅಂಗಡಿಯವನ ಹತ್ತಿರ ನಾವು ಮರುದಿನ ಹೋಗಿ "ಯಾಕ?" ಅಂತ ಕೇಳಿದೆವು. ಗಾಜಿನ ಗಿಲಾಸು ಕಡಿಮೆ ಇದ್ದವು ಅಂದ. ಇರಬಹುದು. ತೊಳೆದು ಬೋರಲು ಹಾಕಿದ ಗಿಲಾಸುಗಳು ಹಿಂದಿನ ದಿನದ ಫೋಟೋದಲ್ಲಿ ಕಾಣುತ್ತಿದ್ದವು. ತೋರಿಸಿದೆವು. ಸುಮ್ಮನಾದ. ನಂತರ ಒಳಗಿಂದ ಎರಡು ಗಾಜಿನ ಗಿಲಾಸು ತೊಳೆದು ತಂದು ಚಹಾ ಹಾಕಿ, ನಮ್ಮಿಬ್ಬರ ಮುಂದೆ ಇಟ್ಟ. ಗೆಳೆಯ ಕುಡಿದ. ದುಡ್ಡು ಬೇಡ ಅಂದರೂ ಎಣಿಸಿ ಕೊಟ್ಟ. ನಾವಿಲ್ಲದ ದಿನ ಅಲ್ಲಿ ಏನು ನಡೆಯುತ್ತದೆ ಅಂತ ನೋಡಲು ಮುಂದಿನ ತಿಂಗಳು ಬೇರೆ ಇಬ್ಬರು ಹೋಗುತ್ತಾರೆ, ಆ ಸುತ್ತಿನ ಮುಖ ಪರಿಚಯದವರೇ.

ನೀವೂ ಹೋಗಬಹುದು. ಸಂತೆಗೆ, ಆಸ್ಪತ್ರೆಗೆ, ತಹಶೀಲ್ದಾರ್ ಕಚೇರಿಗೆ ಅಂತ ಹುಮನಾಬಾದಿಗೋ ಕಲ್ಯಾಣಕ್ಕೋ ಬಂದಾಗ ಎಲ್ಲಾದರೂ ಕೂತು ತಿನ್ನುವುದು ಇದ್ದೇ ಇದೆ. ಮೊದಲು ನೀರು ಕೇಳಿ. ಜಗ್ಗು ಬಂತೋ ಬಾಟ್ಲಿ ಬಂತೋ, ಯಾವ ಪಾತ್ರೆಯಲ್ಲಿ ಬಂತು, ಪಕ್ಕದವರಿಗೆ ಯಾವುದರಲ್ಲಿ ಬಂತು ನೋಡಿ. ಕೇಳಬೇಕು ಅನ್ನಿಸಿದರೆ ಕೇಳಿ, ಆಮೇಲೆ ನಮಗೆ ವಾಯ್ಸ್ ಮೆಸೇಜ್ ಕಳಿಸಿ. ಬರೆಯಲು ಬರಬೇಕು ಅಂತಿಲ್ಲ.

ಹೈದರಾಬಾದಿನ ಗೆಳೆಯ ಕಳೆದ ತಿಂಗಳು ತನ್ನದೇ ದುಡ್ಡಿನಲ್ಲಿ ಆ ಅಂಗಡಿಗೆ ಮತ್ತೆ ಹೋಗಿದ್ದ. ಗಲ್ಲಾದಲ್ಲಿ ಬೇರೆ ಹುಡುಗಿ ಇದ್ದಳು. ನಮ್ಮ ಕಡೆಯ ಹುಡುಗ ಎಲ್ಲಿ ಅಂದರೆ ಶಿಫ್ಟ್ ಬದಲಾಗಿದೆ ಅಂದಳಂತೆ, ಅಷ್ಟೇ. "ಲಾರ್ಜ್ ಕರ್ ದೂಂ ಸರ್?" ಅಂತ ಕೇಳಿದಳು. ಇವನು ಬೇಡ ಅಂದು ಮೂಲೆಯ ಫಿಲ್ಟರಿನ ಹತ್ತಿರ ಹೋಗಿ ನೀರು ಹಿಡಿದುಕೊಂಡು ಕುಡಿದ.